ಸೀಟಿ ಊದಿದಾಗ ಇಳಿಯುವ ಬಾಣಲೆ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಮೂಲೆಮನೆಯ ಅಡುಗೆಕೋಣೆಯ ಕಿಟಕಿ ಮಾತ್ರ ಅಗಲವಾಗಿ ತೆರೆದಿದೆ. ಒಳಗೆ ದಪ್ಪ ತಳದ ಬಾಣಲೆಯಲ್ಲಿ ಬೆಣ್ಣೆ ಕರಗಿದೆ. ಅದಕ್ಕೆ ಕೋಕೋ ಪುಡಿ ಸುರಿದು, ಮರದ ಸೌಟಿನಿಂದ ಎಡೆಬಿಡದೆ ಕೈಯಾಡಿಸುತ್ತಿದ್ದಾರೆ ಅರವತ್ತಮೂರು ವಯಸ್ಸಿನ ಹೆಂಗಸೊಬ್ಬರು. ಗಿಡ್ಡ ಮೈಕಟ್ಟು, ಮೊಣಕೈವರೆಗೆ ಮಡಚಿದ ತೋಳು, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಮೋಟು ಪೆನ್ಸಿಲ್ಲು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅವರ ಗಂಡ ಕಣ್ಣು ಮುಚ್ಚಿ ಕುಳಿತಿದ್ದಾರೆ. ಅವರ ಕೊರಳಲ್ಲಿ ಕಪ್ಪು ದಾರ, ದಾರದ ತುದಿಗೆ ಹಿತ್ತಾಳೆಯ ಸೀಟಿ.

ಎರಡು ಗಿಡ್ಡ ಸೀಟಿ ಕೇಳುತ್ತದೆ. ಹೆಂಗಸಿನ ಕೈ ನಿಲ್ಲುವುದಿಲ್ಲ. ಅರ್ಧ ನಿಮಿಷ ಬಿಟ್ಟು ಮತ್ತೆ ಎರಡು. ಆಮೇಲೆ ಗಂಡ ಕತ್ತು ಮುಂದೆ ಚಾಚಿ, ಮೂಗಿನ ಹೊಳ್ಳೆ ಅರಳಿಸಿ, ಒಂದೇ ಒಂದು ಉದ್ದ ಸೀಟಿ ಊದುತ್ತಾರೆ. ಬಾಣಲೆ ಆ ಕ್ಷಣವೇ ಒಲೆಯಿಂದಿಳಿದು ಒದ್ದೆ ಬಟ್ಟೆಯ ಮೇಲೆ ಚುಯ್ ಎಂದು ಕೂರುತ್ತದೆ. ಕಿಟಕಿಯಾಚೆ ಹಾಲು ಹಾಕುವಾಕೆ ಹಾದುಹೋಗುತ್ತಾ, "ಅಕ್ಕಾ, ಘಮ್ ಅಂತಿದೆ" ಎಂದು ಕೂಗಿ ಮುಂದೆ ನಡೆಯುತ್ತಾಳೆ.

ಈ ಹೆಂಗಸಿಗೆ ಬೀದಿ ಇಟ್ಟ ಹೆಸರು ಕೋಕೋ ಅಕ್ಕ. ಎಂಟು ವರ್ಷದ ಮಗುವಿಗೂ ಅಕ್ಕ, ಎಂಬತ್ತರ ಮುದುಕರಿಗೂ ಅಕ್ಕ. ಮೂವತ್ತೆಂಟು ವರ್ಷಗಳಿಂದ ಈ ಸುತ್ತಿನ ಯಾವ ಮನೆಯಲ್ಲಿ ಏನೇ ನಡೆಯಲಿ, ಚಾಕೊಲೇಟು ಇದೇ ಕಿಟಕಿಯಿಂದ ಹೋಗಬೇಕು. ಗಂಡ ಏಳು ವರ್ಷದ ಹಿಂದೆ ನಿವೃತ್ತರಾದ ಬಸ್ ಕಂಡಕ್ಟರು. ನಿವೃತ್ತಿಯಾದರೂ ಜನರ ಬಾಯಲ್ಲಿ ಕಂಡಕ್ಟರೇ. ಬೆಳಗಾಗೆದ್ದು ಅಡುಗೆಮನೆಯಲ್ಲಿ ಕುಳಿತು ಸೀಟಿ ಊದುವುದೇಕೆ ಎಂದು ಯಾರಾದರೂ ಕೇಳಿದರೆ ಅಕ್ಕನ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಮೂವತ್ತು ವರ್ಷ ಊದಿದ ಬಾಯಿ. ಸುಮ್ಮನೆ ಕೂರು ಅಂದ್ರೆ ಕೂರುತ್ತಾ?"

ವಾರದ ಪುರವಣಿಗೆ ಅಕ್ಕನ ಬಗ್ಗೆ ಬರೆಯಲು ಪತ್ರಿಕೆಯಿಂದ ಬಂದ ಹೆಣ್ಣುಮಗಳಿಗೂ ಮೊದಲ ದಿನ ಸಿಕ್ಕಿದ್ದು ಇದೇ ಉತ್ತರ. ಆದರೆ ಅದೇ ದಿನ ಇನ್ನೊಂದು ನಡೆಯುತ್ತದೆ. ಒಲೆಯ ಅಂಚಿನಲ್ಲಿದ್ದ ಕೈಬಟ್ಟೆಗೆ ಬೆಂಕಿ ತಾಗಿ, ಸುಟ್ಟ ವಾಸನೆ ಕೋಣೆಯೆಲ್ಲ ತುಂಬುತ್ತದೆ. ಅಕ್ಕ ಅದರಿಂದ ಗೇಣು ದೂರದಲ್ಲಿ ಮೊಟ್ಟೆ ಒಡೆಯುತ್ತಿದ್ದಾರೆ, ಬೆನ್ನು ತಿರುಗಿದೆ, ಹಾಡಿನ ಸಾಲೊಂದನ್ನು ಗುನುಗುತ್ತಿದ್ದಾರೆ. ಕಂಡಕ್ಟರು ಹಿತ್ತಿಲಿಂದ ಓಡಿ ಬಂದು ಮೂರು ಸೀಟಿ ಊದಿದ ಮೇಲೆಯೇ ಅವರು ಬೆಚ್ಚಿ ತಿರುಗುವುದು.

ಪತ್ರಿಕೆಯವಳು ಬಾಯಿ ತೆರೆಯುವ ಮೊದಲೇ, ಬಟ್ಟೆಯ ಮೇಲೆ ನೀರು ಸುರಿದು, ಒಲೆ ಆರಿಸಿ, ಅಕ್ಕನೇ ಕುರ್ಚಿ ಎಳೆದು ಕೂರುತ್ತಾರೆ. ಹಿಟ್ಟು ಮೆತ್ತಿದ ಎರಡು ಕೈಯನ್ನೂ ಮೇಜಿನ ಮೇಲಿಟ್ಟು ಹೇಳುತ್ತಾರೆ. ನಾಲ್ಕು ವರ್ಷದ ಹಿಂದೆ ಬಂದ ಒಂದು ಜ್ವರ ಅವರ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನು ಹೊತ್ತುಕೊಂಡು ಹೋಗಿದೆ. ಅದು ಮರಳಿ ಬಂದರೂ ಬರಬಹುದು ಎಂದು ಡಾಕ್ಟರು ಹೇಳಿದ್ದರು, ಬಂದಿಲ್ಲ. ನಾಲಗೆಗೆ ಉಳಿದಿರುವುದು ಸಿಹಿ, ಕಹಿ, ಉಪ್ಪು, ಹುಳಿ ಅಷ್ಟೇ. ಕೋಕೋನೂ ಕಹಿ, ಸೀದ ಕೋಕೋನೂ ಕಹಿ. ಕಣ್ಣಿಗೂ ತಿಳಿಯುವುದಿಲ್ಲ, ಹುರಿಯುವ ಮೊದಲೇ ಕಪ್ಪಗಿರುವುದು ಸೀದ ಮೇಲೆ ಇನ್ನೆಷ್ಟು ಕಪ್ಪಾದೀತು? ಕಂಡಕ್ಟರ ಮೂಗೇ ಈಗ ಅಕ್ಕನ ಮೂಗು. ಈ ವಿಷಯ ಗಂಡ ಹೆಂಡತಿಯನ್ನು ಬಿಟ್ಟರೆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದು ಅವರ ನಂಬಿಕೆ.

"ಇದೊಂದು ಬರೀಬೇಡಿ" ಎಂದು ಅಕ್ಕ ಕೇಳಿಕೊಳ್ಳುತ್ತಾರೆ. "ಮೂಗಿಲ್ಲದವಳ ಕೈತಿಂಡಿ ಬೇಡ ಅಂತ ತಿನ್ನದೇ ಹೋದ್ರೆ ಹೋಗಲಿ, ತಡ್ಕೋತೀನಿ. ಅಯ್ಯೋ ಪಾಪ ಅಂತ ತಿಂದ್ರೆ ಮಾತ್ರ ನನ್ನ ಕೈಲಿ ಆಗಲ್ಲ."

ಬಂದವಳು ಪೆನ್ನು ಕೆಳಗಿಡುತ್ತಾಳೆ. ಬರೆಯುವುದಿಲ್ಲ ಎಂದು ಮಾತು ಕೊಡುತ್ತಾಳೆ. ಉಳಿದ ಕತೆಯಾದರೂ ಹೇಳಿ ಎಂದಾಗ ಅಕ್ಕನ ಮುಖ ಸಡಿಲಾಗುತ್ತದೆ, ಏಕೆಂದರೆ ಉಳಿದ ಕತೆಯಲ್ಲಿ ಅವರ ಅಮ್ಮ ಇದ್ದಾರೆ.

ಅಮ್ಮ ಚಾಕೊಲೇಟು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವರು. ದಿನವಿಡೀ ನಿಂತು ಬಂಗಾರದ ಬಣ್ಣದ ಕಾಗದ ಸುತ್ತುವುದು. ಸುತ್ತುವಾಗ ಮುರಿದದ್ದನ್ನೆಲ್ಲ ಒಂದು ಡಬ್ಬಕ್ಕೆ ಹಾಕಿಟ್ಟು ಶನಿವಾರ ಕೆಲಸದವರಿಗೆ ಹಂಚುತ್ತಿದ್ದರಂತೆ. ಮನೆಯಲ್ಲಿ ಅದಕ್ಕೆ ಚೂರು ಎಂದೇ ಹೆಸರು. ಶನಿವಾರ ಸಂಜೆ ಅಮ್ಮ ಚೂರನ್ನು ಹಾಲಿನಲ್ಲಿ ಕರಗಿಸಿ, ಸ್ವಲ್ಪ ಮೆಕ್ಕೆಜೋಳದ ಹಿಟ್ಟು ಕದಡಿ ಹಾಕಿ, ಗಟ್ಟಿಯಾದ ಮೇಲೆ ಸ್ಟೀಲ್ ಲೋಟಗಳಿಗೆ ಸುರಿಯುತ್ತಿದ್ದರು. ಮನೆಯಲ್ಲಿ ಫ್ರಿಜ್ಜು ಇರಲಿಲ್ಲ. ಲೋಟಗಳನ್ನು ತಣ್ಣೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ, ಮಕ್ಕಳನ್ನು ಸುತ್ತ ಕೂರಿಸಿ, ಯಾರೂ ಬೆರಳು ಅದ್ದಬಾರದು ಎಂದು ತಾವೂ ಕಾವಲು ಕೂರುತ್ತಿದ್ದರು. ಮೊದಲು ಬೆರಳು ಅದ್ದುತ್ತಿದ್ದದ್ದು ಅಮ್ಮನೇ.

"ಲೋಟ ನಾಲ್ಕು, ನಾವು ಐದು ಜನ. ಅಮ್ಮ ಸೌಟು ನೆಕ್ಕೋರು. ಸೌಟಲ್ಲೇ ಜಾಸ್ತಿ ಇರುತ್ತೆ ಅನ್ನೋರು. ದೊಡ್ಡೋಳಾಗಿ ನಾನೇ ಮಾಡೋಕೆ ನಿಂತ ಮೇಲೇನೇ ಗೊತ್ತಾಗಿದ್ದು, ಸೌಟಲ್ಲಿ ಏನೂ ಇರಲ್ಲ ಅಂತ" ಎನ್ನುವಾಗ ಅಕ್ಕ ನಗುತ್ತಿದ್ದಾರೆ.

ಎಲ್ಲಕ್ಕಿಂತ ಹೆಚ್ಚಾಗಿ ನೆನಪಿರುವುದು ಅಮ್ಮನ ಜಡೆ. ಕಾರ್ಖಾನೆಯ ವಾಸನೆ ಎಷ್ಟು ತೊಳೆದರೂ ಆ ಜಡೆಯಿಂದ ಹೋಗುತ್ತಿರಲಿಲ್ಲ. ಹುರಿದ ಕೋಕೋ, ಬೆಣ್ಣೆ, ಸ್ವಲ್ಪ ಕೊಬ್ಬರಿ ಎಣ್ಣೆ. ಮಗಳು ಮಲಗುತ್ತಿದ್ದದ್ದು ಅದಕ್ಕೆ ಮುಖ ಒತ್ತಿಕೊಂಡು. ಮುಂದೆ ಕಾರ್ಖಾನೆ ಮುಚ್ಚಿತು, ಅಮ್ಮನೂ ಹೋದರು. ಮಗಳು ಅದೇ ವಾಸನೆಯ ಬೆನ್ನು ಹತ್ತಿ, ಬೆಣ್ಣೆಯಲ್ಲಿ ಕೋಕೋ ಹುರಿಯುವುದನ್ನು ಕಲಿತರು. ಹುರಿಯುತ್ತಾ ಹುರಿಯುತ್ತಾ ಒಂದು ಹಂತದಲ್ಲಿ ಅಮ್ಮ ಬಂದು ಪಕ್ಕದಲ್ಲಿ ನಿಂತ ಹಾಗೆ ಆಗುತ್ತಿತ್ತಂತೆ. ಅದೇ ಇಳಿಸುವ ಹೊತ್ತು. ಹತ್ತು ಎಣಿಸುವಷ್ಟು ತಡವಾದರೆ ಸೀಯುತ್ತದೆ.

ಕಂಡಕ್ಟರು ಸಿಕ್ಕಿದ್ದೂ ಚಾಕೊಲೇಟಿನ ದೆಸೆಯಿಂದಲೇ. ಆಗ ಅಕ್ಕ ದೂರದ ಮನೆಗಳಿಗೆ ಕೇಕಿನ ಡಬ್ಬವನ್ನು ಏಳು ಗಂಟೆಯ ಬಸ್ಸಿನಲ್ಲಿ ಒಯ್ಯುತ್ತಿದ್ದರು. ಡಬ್ಬ ತೊಡೆಯ ಮೇಲೆ ನಿಲ್ಲುವುದಿಲ್ಲವೆಂದು ಪಕ್ಕದ ಸೀಟಿನಲ್ಲಿಟ್ಟರೆ, ಕಂಡಕ್ಟರು ಗಂಭೀರವಾಗಿ ಡಬ್ಬಕ್ಕೂ ಅರ್ಧ ಟಿಕೆಟ್ ಹರಿದರು. ಮಾರನೆಯ ವಾರ ಬಸ್ಸು ಗಕ್ಕನೆ ನಿಂತಾಗ ಅದೇ ಡಬ್ಬ ಜಾರಿತು, ಕಂಡಕ್ಟರು ಹಾರಿ ಎದೆಗವಚಿಕೊಂಡು ಹಿಡಿದರು. ಖಾಕಿ ಅಂಗಿಯೆಲ್ಲ ಕ್ರೀಮು. ಅರ್ಧ ಟಿಕೆಟಿನ ಪ್ರಯಾಣಿಕರ ಜವಾಬ್ದಾರಿ ನನ್ನದಲ್ಲವೇ ಎಂದು ಕೇಳಿದವರನ್ನು ಅಕ್ಕ ಆ ವರ್ಷವೇ ಮದುವೆಯಾದರು. ಟಿಕೆಟು ಇಂದಿಗೂ ಸಕ್ಕರೆ ಡಬ್ಬದ ಮುಚ್ಚಳದ ಒಳಗೆ ಅಂಟಿಕೊಂಡಿದೆ.

ಈಗ ವಾರಕ್ಕೆ ಹನ್ನೊಂದು ಕಿಲೋ ಚಾಕೊಲೇಟು, ಆರು ಕಿಲೋ ಬೆಣ್ಣೆ, ಇಪ್ಪತ್ತು ಡಜನ್ ಮೊಟ್ಟೆ ಈ ಕೋಣೆಯಲ್ಲಿ ಖರ್ಚಾಗುತ್ತದೆ. ದಿನಕ್ಕೆ ನಾಲ್ಕೈದು ಕೇಕು, ಮೂವತ್ತು ಲೋಟ ಪುಡ್ಡಿಂಗು, ಬ್ರೌನಿ ಬೇರೆ. ಸಹಾಯಕ್ಕೆ ಯಾರನ್ನೂ ಇಟ್ಟುಕೊಂಡಿಲ್ಲ. ಯಾವ ಸಂದರ್ಭಕ್ಕೆ ಏನು ಎಂಬುದರಲ್ಲಿ ಅಕ್ಕ ಬಹಳ ಖಂಡಿತ. ಹುಟ್ಟುಹಬ್ಬಕ್ಕೆ ಮೂರು ಪದರದ ಕೇಕು. ಮೊದಲ ದಿನ ಕೆಲಸಕ್ಕೆ ಹೊರಟವರಿಗೆ ಜೇಬಿನಲ್ಲಿಟ್ಟರೂ ಕರಗದಂಥ ಗಟ್ಟಿ ಬಿಲ್ಲೆ. ಗಂಟಲು ಆಪರೇಷನ್ ಆದ ಮಕ್ಕಳಿಗೆ ತಣ್ಣನೆಯ ಕಸ್ಟರ್ಡು. ಮಾತು ಬಿಟ್ಟ ಗಂಡ ಹೆಂಡತಿಗೆ ಒಂದೇ ಬಟ್ಟಲು, ಎರಡು ಚಮಚ. ಸಾವಾದ ಮನೆಗೆ ಕ್ರೀಮಿಲ್ಲದ, ಹೆಚ್ಚು ಸಿಹಿಯಿಲ್ಲದ ಸಾದಾ ಕೇಕು. ಅಲ್ಲಿ ಬಾಯಿ ರುಚಿ ಕೇಳುವುದಿಲ್ಲ, ಬಂದವರ ಕೈಗೆ ಹಿಡಿದುಕೊಳ್ಳಲು ಏನಾದರೂ ಬೇಕು ಎನ್ನುತ್ತಾರೆ. ಪರೀಕ್ಷೆಯಲ್ಲಿ ಪಾಸಾದವರು ಬಂದು ಕೇಳಿ ಒಯ್ಯಬೇಕು. ಫೇಲಾದವರ ಮನೆಗೆ ಮಾತ್ರ ಯಾರೂ ಕೇಳದೆಯೇ ಒಂದು ಸ್ಟೀಲ್ ಲೋಟ ಹೋಗುತ್ತದೆ, ಅಮ್ಮನ ಪುಡ್ಡಿಂಗಿನದು.

ಜ್ವರ ಬಿಟ್ಟೆದ್ದ ದಿನ ಅಕ್ಕ ಹೊಸ ಕೋಕೋ ಡಬ್ಬ ತೆರೆದರು. ವಾಸನೆ ಇಲ್ಲ. ಹಳೇ ಮಾಲು ಕೊಟ್ಟಿದ್ದಾನೆಂದು ಅಂಗಡಿಯವನನ್ನು ಮನಸಾರೆ ಬೈದು ಇನ್ನೊಂದು ತರಿಸಿದರು. ಅದಕ್ಕೂ ಇಲ್ಲ. ಮೂರನೆಯದನ್ನು ಗಂಡನ ಮುಖಕ್ಕೆ ಹಿಡಿದರೆ, ಅವರು ಘಮ್ ಅಂತಿದೆಯಲ್ಲೇ ಎಂದುಬಿಟ್ಟರು. ಅಕ್ಕ ಡಬ್ಬ ಹಿಡಿದುಕೊಂಡೇ ನೆಲದ ಮೇಲೆ ಕೂತರು. ಓವನ್ ಕೆಟ್ಟಿದೆ ಎಂದು ಬೀದಿಗೆ ಸುಳ್ಳು ಹೇಳಿ ಹನ್ನೆರಡು ದಿನ ಒಲೆ ಹಚ್ಚಲಿಲ್ಲ. ಎರಡನೆಯ ಸಲ ಅಮ್ಮ ಹೋದಂತಾಯಿತು ಎನ್ನುವುದು ಬಿಟ್ಟರೆ ಆ ದಿನಗಳ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ.

ಹದಿಮೂರನೆಯ ದಿನ ಕಂಡಕ್ಟರು ಪೆಟ್ಟಿಗೆಯ ತಳದಿಂದ ಹಳೆಯ ಸೀಟಿ ತೆಗೆದು, ಉಜ್ಜಿ, ಕೊರಳಿಗೆ ಹಾಕಿಕೊಂಡು ಬಂದು ಸ್ಟೂಲಿನ ಮೇಲೆ ಕೂತರು. ಬಸ್ಸಿನ ಬ್ರೇಕು ಬಿಸಿಯಾದದ್ದು ಡ್ರೈವರಿಗಿಂತ ಮೊದಲು ತಿಳಿಯುತ್ತಿದ್ದ ಮೂಗು ಅದು. ಆದರೂ ಕೋಕೋ ಕಲಿಸುವುದು ಸುಲಭವಿರಲಿಲ್ಲ. ಬಾಯಲ್ಲಿ ಹೇಳಿದರೆ ಅವರು ವಿವರಣೆಗೆ ಇಳಿಯುತ್ತಿದ್ದರು, ವಿವರಣೆ ಮುಗಿಯುವಷ್ಟರಲ್ಲಿ ಬಾಣಲೆ ಸೀಯುತ್ತಿತ್ತು. ಅದಕ್ಕೇ ಸೀಟಿ. ಎರಡಾದರೆ ಹೋಗಲಿ, ಒಂದಾದರೆ ನಿಲ್ಲಿಸು, ಮೂರಾದರೆ ಅಪಾಯ.

"ಅಮ್ಮನ ಜಡೆ ಥರ ವಾಸನೆ ಬಂದಾಗ ಊದಿ ಅಂದ್ಳು" ಎಂದು ಕಂಡಕ್ಟರು ದೂರು ಹೇಳುತ್ತಾರೆ. "ಅತ್ತೆಯವರ ಜಡೆ ನಾನ್ಯಾವತ್ತು ಮೂಸಿ ನೋಡಿದ್ದೆ ಹೇಳಿ? ಹದಿನಾರು ಬಾಣಲೆ ಸೀದ ಮೇಲೆ ನನಗೆ ಹಿಡಿತ ಸಿಕ್ತು."

ಆ ಹದಿನಾರೂ ಮನೆಯೊಳಗೇ ಮುಗಿದವು. ಮನೆಯಾಚೆ ಹೋದದ್ದು ಒಂದು. ಕಳೆದ ವರ್ಷದ ಚಳಿಯಲ್ಲಿ, ಬೀದಿ ಕೊನೆಯ ಶಾಲೆಯ ಹೆಡ್‌ಮೇಡಂ ನಿವೃತ್ತಿಗೆ ಎಂಬತ್ತು ಜನರ ಕೇಕು. ಅಂದು ಕಂಡಕ್ಟರಿಗೆ ನೆಗಡಿ, ಎರಡು ಹೊಳ್ಳೆಯೂ ಬಂದ್. ಹೇಳಿದರೆ ಹೆಂಡತಿ ಗಾಬರಿಯಾಗುತ್ತಾಳೆಂದು ಹೇಳದೆ, ಗಡಿಯಾರ ನೋಡಿ ಅಂದಾಜಿನಲ್ಲಿ ಊದಿದರು. ಕೋಕೋ ಸೀದಿತ್ತು. ಮಾರನೆಯ ದಿನ ಹೆಡ್‌ಮೇಡಂ ಡಬ್ಬ ತೊಳೆದು ತಂದುಕೊಟ್ಟು, ಸ್ವಲ್ಪ ಸೀದಿತ್ತು, ಆದರೂ ಯಾರೂ ಉಳಿಸಲಿಲ್ಲ ಎಂದು ಹೇಳಿ ಹೋದರು. ಬೇರೇನೂ ಕೇಳಲಿಲ್ಲ. ಅವರು ಕೇಳದೇ ಹೋದದ್ದೇ ಅಕ್ಕನಿಗೆ ವರ್ಷವಿಡೀ ಚುಚ್ಚಿದೆ.

ಅದಾದ ಮೇಲೆ ಬೀದಿಯವರಿಗೆ ಬೆಳಗಿನ ವಾಕಿಂಗ್ ಹುಚ್ಚು ಹತ್ತಿದೆ ಎಂದು ಅಕ್ಕ ಬೇರೆ ಮಾತಿಗೆ ಹೊರಳುತ್ತಾರೆ. ಒಂದು ದಿನ ಎದುರುಮನೆಯ ಟೈಲರ್, ಒಂದು ದಿನ ಹಾಲು ಹಾಕುವಾಕೆ, ಒಂದು ದಿನ ಹೆಡ್‌ಮೇಡಂ. ಎಲ್ಲರೂ ಸರಿಯಾಗಿ ಕೋಕೋ ಹುರಿಯುವ ಹೊತ್ತಿಗೇ ಕಿಟಕಿ ದಾಟುತ್ತಾರೆ, ಎಲ್ಲರದೂ ಘಮ್ ಅಂತಿದೆ ಎಂಬ ಒಂದೇ ಮಾತು. ಟೈಲರಂತೂ ಈ ವರ್ಷ ಎರಡು ಸಲ ಕಿಟಕಿ ಬಡಿದು ಬೆಂಕಿಪೊಟ್ಟಣ ಕೇಳಿದ್ದಾರೆ. ಸಿಗರೇಟು ಬಿಟ್ಟು ಹತ್ತು ವರ್ಷವಾದವನಿಗೆ ಬೆಳಬೆಳಗ್ಗೆ ಬೆಂಕಿಪೊಟ್ಟಣ ಯಾಕೋ, ಮತ್ತೆ ಶುರುಮಾಡಿಕೊಂಡನೋ ಏನೋ ಎಂದು ಅಕ್ಕನಿಗೆ ಅನುಮಾನ.

ಎರಡನೆಯ ಬೆಳಿಗ್ಗೆ ಪತ್ರಿಕೆಯವಳು ಬರುವಾಗ ಒಲೆ ಹಚ್ಚಿಲ್ಲ. ಮೇಜಿನ ಮೇಲೆ ಬೆಣ್ಣೆ, ಕೋಕೋ, ಮೊಟ್ಟೆ ಸಾಲಾಗಿ ಕಾಯುತ್ತಿವೆ. ಕಂಡಕ್ಟರು ಮಫ್ಲರ್ ಸುತ್ತಿಕೊಂಡು ಅಪರಾಧಿಯ ಮುಖ ಹೊತ್ತು ಕುಳಿತಿದ್ದಾರೆ. ಮತ್ತೆ ನೆಗಡಿ. ಈ ಸಲ ಎದ್ದ ಕೂಡಲೇ ಒಪ್ಪಿಕೊಂಡಿದ್ದಾರೆ. ಹನ್ನೊಂದು ಗಂಟೆಗೆ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳು ಸೇರುತ್ತಾರೆ, ಕರೆದಿರುವುದು ಅದೇ ಹೆಡ್‌ಮೇಡಂ. ಅರವತ್ತು ಬ್ರೌನಿ ಮತ್ತು ಒಂದು ದೊಡ್ಡ ಕೇಕು ಹೋಗಬೇಕು. ಪತ್ರಿಕೆಯವಳು ತಾನು ಮೂಸಿ ಹೇಳುತ್ತೇನೆ ಎನ್ನುತ್ತಾಳೆ. ಅಕ್ಕ ಒಪ್ಪುವುದಿಲ್ಲ, ನಿನ್ನೆ ಬಂದ ಮೂಗಿಗೆ ಯಾವುದು ಸರಿ ಎಂದು ಹೇಗೆ ತಿಳಿಯಬೇಕು ಎನ್ನುತ್ತಾರೆ.

ಅವರಿಗೇ ಎರಡನೆಯ ಸಲ ಸೀದದ್ದನ್ನು ಕಳಿಸುವುದಕ್ಕಿಂತ ಆರ್ಡರು ಬಿಡುವುದು ಮೇಲು ಎಂದು ತೀರ್ಮಾನಿಸಿ, ಅಕ್ಕ ಕಿಟಕಿಯ ಬಳಿ ನಿಲ್ಲುತ್ತಾರೆ. ಕಾಲು ಗಂಟೆಯಲ್ಲಿ ಟೈಲರ್ ಬರುತ್ತಾರೆ. ಓವನ್ ಕೆಟ್ಟಿದೆ, ಇವತ್ತು ಕೇಕಿಲ್ಲವೆಂದು ಹೆಡ್‌ಮೇಡಮ್ಮಿಗೆ ಹೇಳಿಬಿಡಪ್ಪ ಎಂದು ಅಕ್ಕ ಹೇಳುತ್ತಾರೆ. ಟೈಲರ್ ಕಿಟಕಿಯೊಳಗೆ ಇಣುಕಿ ಮಫ್ಲರನ್ನು ನೋಡುತ್ತಾರೆ.

"ಕಂಡಕ್ಟರಿಗೆ ನೆಗಡಿನಾ? ಮೊದಲೇ ಹೇಳ್ಬಾರ್ದಾ ಅಕ್ಕ" ಎಂದು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. "ಸ್ಟೂಲು ಬಿಡಿ. ನಾನು ಕೂತ್ಕೋತೀನಿ."

ನಾಲ್ಕು ವರ್ಷ ಕಾಪಾಡಿದ ಗುಟ್ಟು ಹೀಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆಂದು ಅಕ್ಕ ಎಣಿಸಿರಲಿಲ್ಲ. ಯಾರು ಹೇಳಿದರು ಎಂದು ಕೇಳಿದ್ದಕ್ಕೆ ಟೈಲರ್ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಮೇಜಿನ ಮೇಲೆ ಹರಡುತ್ತಾರೆ. ಸ್ಕೇಲು ಹಿಡಿದು ಗೆರೆ ಎಳೆದ ಟೈಮ್‌ಟೇಬಲ್, ಅಕ್ಷರ ಹೆಡ್‌ಮೇಡಂ ಅವರದು. ನಿವೃತ್ತಿಯ ದಿನದ ಕೇಕಿನ ಒಂದು ತುಂಡು ಬಾಯಿಗಿಟ್ಟಾಗಲೇ ಅವರಿಗೆ ಅರ್ಥವಾಗಿತ್ತಂತೆ. ಈ ಕೈ ಗೊತ್ತಿದ್ದೂ ಸೀದದ್ದನ್ನು ಕಳಿಸುವುದಿಲ್ಲ, ಹಾಗಾದರೆ ಮೂಗೇ ಹೋಗಿದೆ, ಸೀಟಿ ಅದಕ್ಕೇ. ವಾರಕ್ಕೆ ಏಳು ದಿನ, ಏಳು ಜನ. ಐದೂಮುಕ್ಕಾಲಿನೊಳಗೆ ಕಿಟಕಿ ದಾಟಬೇಕು. ಸರಿಯಿದ್ದರೆ ಘಮ್ ಅಂತಿದೆ ಎಂದು ಹೇಳಬೇಕು, ಹುರಿದದ್ದು ಹೆಚ್ಚಾಗುತ್ತಿದ್ದರೆ ಕಿಟಕಿ ಬಡಿದು ಬೆಂಕಿಪೊಟ್ಟಣ ಕೇಳಿ ಬಾಣಲೆ ಇಳಿಸುವಂತೆ ಮಾಡಬೇಕು. ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು: ಅಕ್ಕನಿಗೆ ತಿಳಿಯಕೂಡದು.

ಬೆಂಕಿಪೊಟ್ಟಣದ ಎರಡು ದಿನ ನೆನಪಾಗಿ ಅಕ್ಕ ಗಂಡನ ಕಡೆ ತಿರುಗುತ್ತಾರೆ. ಆ ಎರಡೂ ದಿನ ಗಾಳಿ ಉಲ್ಟಾ ಬೀಸುತ್ತಿತ್ತು ಎಂದು ಕಂಡಕ್ಟರು ಮಫ್ಲರಿನೊಳಗಿಂದಲೇ ಗೊಣಗುತ್ತಾರೆ.

ಅಕ್ಕನಿಗೆ ಮೊದಲು ಬರುವುದು ಸಿಟ್ಟು. "ಅಂದ್ರೆ ಒಂದು ವರ್ಷದಿಂದ ಎಲ್ಲರೂ ಪಾಪ ಅಂತ ತಿಂತಿದ್ದೀರಾ?"

"ಪಾಪ ಯಾಕಕ್ಕ?" ಟೈಲರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿದೆ. "ನಮ್ಮನೆ ಕೇಕು ಸೀದ್ರೆ ನಮಗೆ ತಾನೇ ನಷ್ಟ? ನಿಮ್ಮ ಕೈ ಬೇರೆ ಯಾರ ಹತ್ರಾನೂ ಇಲ್ಲ. ಮೂಗಿಗೇನು, ಬೀದಿ ತುಂಬಾ ಇದೆ."

ಅಕ್ಕ ಮೇಜಿನ ಮೇಲಿನ ಹಾಳೆಯನ್ನು ಒಮ್ಮೆ ಸವರುತ್ತಾರೆ. ಆಮೇಲೆ ಒಲೆ ಹಚ್ಚುತ್ತಾರೆ. ಕಂಡಕ್ಟರು ಒಲ್ಲದ ಮನಸ್ಸಿನಿಂದ ಸೀಟಿ ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಅಂಗಿಯಂಚಿನಿಂದ ಎರಡು ಸಲ ಒರೆಸಿ ಕೊಡುತ್ತಾರೆ. ಕಚ್ಚಬೇಡ, ಹಿತ್ತಾಳೆ ಸವೆಯುತ್ತದೆ ಎಂದು ಎಚ್ಚರಿಸುವುದನ್ನೂ ಮರೆಯುವುದಿಲ್ಲ.

ಬೆಣ್ಣೆ ಕರಗುತ್ತದೆ. ಕೋಕೋ ಬೀಳುತ್ತದೆ. ಟೈಲರ್ ಕಂಡಕ್ಟರ ಹಾಗೆಯೇ ಕಣ್ಣು ಮುಚ್ಚಿ ಕೂತು ಎರಡು ಊದುತ್ತಾರೆ, ಮತ್ತೆ ಎರಡು. ಅಕ್ಕನ ಸೌಟು ಸುತ್ತುತ್ತಲೇ ಇದೆ. ಮೂರನೆಯ ಸಲ ಸೀಟಿ ತುಟಿಗೆ ಹೋದದ್ದು ಅಲ್ಲೇ ನಿಲ್ಲುತ್ತದೆ. ಟೈಲರ್ ಅದನ್ನು ಕೆಳಗಿಳಿಸಿ ಬಾಯಲ್ಲೇ ಹೇಳುತ್ತಾರೆ.

"ಬಂತಕ್ಕ. ನಾನು ಫೇಲಾದ ದಿನದ ವಾಸನೆ. ಇಳಿಸಿ."

ಬಾಣಲೆ ಇಳಿಯುತ್ತದೆ. ಅಕ್ಕ ತಿರುಗಿ ನೋಡುತ್ತಾರೆ. ಸ್ಟೂಲಿನ ಮೇಲೆ ನಲವತ್ತು ದಾಟಿದ ಗಂಡಸು ಕೂತಿದ್ದಾರೆ, ಕೊರಳಲ್ಲಿ ಅಳತೆ ಪಟ್ಟಿ, ಬೆರಳಲ್ಲಿ ಸೂಜಿ ಚುಚ್ಚಿದ ಗುರುತು. ಇಪ್ಪತ್ತೇಳು ವರ್ಷದ ಹಿಂದೆ ಗಣಿತದಲ್ಲಿ ಹೋಗಿ, ಮನೆಯವರಿಗೆ ಮುಖ ತೋರಿಸಲಾರದೆ ಮಹಡಿ ಮೆಟ್ಟಿಲ ಕೆಳಗೆ ಕೂತಿದ್ದವರು. ಅಲ್ಲಿಗೆ ಸ್ಟೀಲ್ ಲೋಟ ಒಯ್ದು ಕೈಗಿಟ್ಟು, ಒಂದು ಮಾತೂ ಆಡದೆ ಬಂದದ್ದನ್ನು ಅಕ್ಕ ಮರೆತೇಬಿಟ್ಟಿದ್ದರು. ಟೈಲರ್ ಮರೆತಿರಲಿಲ್ಲ. ಫೇಲ್ ಮಾಡಿದ್ದು ಹೆಡ್‌ಮೇಡಮ್ಮೇ ಎಂಬುದನ್ನೂ ಮರೆತಿಲ್ಲ ಎನ್ನುತ್ತಾರೆ.

ಅಮ್ಮನ ಜಡೆಯ ವಾಸನೆ ಒಂದೇ ಒಂದು ಸಲ ಬಂದರೆ ಸಾಕು, ಬೇರೇನೂ ಬೇಡ ಎಂದು ನಿನ್ನೆ ಹೇಳಿದ್ದ ಅಕ್ಕ ಇಂದು ಆ ಮಾತು ಎತ್ತುವುದಿಲ್ಲ. ಬಾಣಲೆಯ ಮೇಲೆ ಬಗ್ಗಿ, ಏನೂ ಬಾರದ ಮೂಗಿಗೆ ಒಮ್ಮೆ ಉಸಿರೆಳೆದುಕೊಂಡು, ಮೊಟ್ಟೆ ಒಡೆಯಲು ತೊಡಗುತ್ತಾರೆ.

ಹತ್ತೂವರೆಗೆ ಅರವತ್ತು ಬ್ರೌನಿ ತಣ್ಣಗಾಗಿ ಡಬ್ಬ ಸೇರಿವೆ. ದೊಡ್ಡ ಕೇಕನ್ನು ಕಂಡಕ್ಟರು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಟೈಲರ್ ಅಂಚು ಕತ್ತರಿಸಿದ ಚೂರನ್ನು ತಿನ್ನುತ್ತಾ ಅಂಗಡಿ ತೆರೆಯಲು ಹೋಗಿಯಾಗಿದೆ. ಪತ್ರಿಕೆಯವಳು ಚೀಲ ಹೆಗಲಿಗೇರಿಸಿ ಹೊರಡುವಾಗ ಅಕ್ಕ ಕೈ ಒರೆಸಿಕೊಳ್ಳುತ್ತಾ ಹಿಂದೆಯೇ ಬರುತ್ತಾರೆ.

"ಬರೀರಿ, ಮೂಗಿನ ವಿಷಯಾನೂ ಬರೀರಿ. ಬೀದಿಗೆಲ್ಲ ಗೊತ್ತಿರೋದನ್ನ ನಾನೊಬ್ಬಳೇ ಮುಚ್ಚಿಟ್ಟುಕೊಂಡು ಏನು ಮಾಡಲಿ?" ಎನ್ನುತ್ತಾರೆ. ಅವಳು ಗೇಟು ದಾಟಿದ ಮೇಲೆ ಮತ್ತೆ ಕರೆಯುತ್ತಾರೆ.

"ಆದ್ರೆ ಸೀದದ್ದು ಹೊರಗೆ ಹೋಗಿದ್ದು ಒಂದೇ ಸಲ. ಮೂವತ್ತೆಂಟು ವರ್ಷದಲ್ಲಿ ಒಂದೇ ಸಲ. ಅದನ್ನ ಮರೀದೇ ಬರೀಬೇಕು."